ಇಪ್ಪತ್ತೊಂದು ಕಣಗಳು: ಒಂದು ಹಳೆಯ ಲೆನ್ಸಿನ ಪ್ರಕರಣ

ಕಡಲೆಕಾಯಿ ಪರಿಷೆ ಮುಗಿದ ಮೂರನೆಯ ದಿನ ನನ್ನ ತಂಗಿಯ ಮಗ ಒಂದು ಲೆನ್ಸ್ ಹಿಡಿದುಕೊಂಡು ಹನುಮಂತನಗರದ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮೊಬೈಲಿನ ಟಾರ್ಚ್ ಹೊತ್ತಿಸಿ, ಲೆನ್ಸಿನ ಹಿಂಬದಿಯಿಂದ ಬೆಳಕು ಹಾಯಿಸಿ, "ಮಾಮ, ಇದರೊಳಗೆ ನೋಡಿ" ಎಂದ. ನೋಡಿದೆ. ಗಾಜಿನ ಆಳದಲ್ಲಿ ರವೆ ಚೆಲ್ಲಿದಂತೆ ಕಣಗಳು ಹೊಳೆಯುತ್ತಿದ್ದವು.

"ಇಪ್ಪತ್ತೊಂದು. ನಿನ್ನೆ ರಾತ್ರಿ ಕುಳಿತು ಎಣಿಸಿದ್ದೇನೆ."

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕ ಮತ್ತು ಅಳತೆಯ ಉಪಕರಣಗಳ ದುರಸ್ತಿ ಮಾಡಿದವನು. ಆದ್ದರಿಂದ ನಮ್ಮ ಬಂಧುಬಳಗದಲ್ಲಿ ಯಾರ ಕನ್ನಡಕದ ಕಾಲು ಮುರಿದರೂ, ಯಾರ ದುರ್ಬೀನು ಮಸುಕಾದರೂ ನನ್ನ ಬಳಿಗೇ ಬರುತ್ತದೆ. ಹೆಚ್ಚಿನವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಕಳುಹಿಸುತ್ತೇನೆ. ಈ ಲೆನ್ಸ್ ಮಾತ್ರ ನಾಲ್ಕು ಸಂಜೆಗಳನ್ನು ತೆಗೆದುಕೊಂಡಿತು. ಕೊನೆಗೆ ಸಿಕ್ಕ ದೋಷವನ್ನು ಅವನೂ ಹುಡುಕಿರಲಿಲ್ಲ, ನಾನೂ ಹುಡುಕಿರಲಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ದೂರು ಏನು

ಚಾಮರಾಜಪೇಟೆಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ ಹಿರಿಯರೊಬ್ಬರು ಅಂಗಡಿ ಮುಚ್ಚುತ್ತಿದ್ದರು. ನನ್ನ ತಂಗಿಯ ಮದುವೆಯ ಆಲ್ಬಂ ಮಾಡಿಕೊಟ್ಟವರು ಅವರೇ. ಅವರ ಬಳಿಯಿದ್ದ 24-70 ಮಿ.ಮೀ., ಎಫ್ 2.8 ಜೂಮ್ ಲೆನ್ಸ್‌ಗೆ 38,000 ರೂಪಾಯಿಗೆ ಮಾತಾಗಿತ್ತು. ಹುಡುಗ 20,000 ಕೊಟ್ಟು ಲೆನ್ಸ್ ತಂದಿದ್ದ. ಉಳಿದ 18,000 ಕೊಡಲು ಹದಿನೈದು ದಿನಗಳ ವಾಯಿದೆ. ಅಷ್ಟರಲ್ಲಿ ಸ್ನೇಹಿತನೊಬ್ಬ ಟಾರ್ಚ್ ಹಾಕಿ ನೋಡುವುದನ್ನು ಕಲಿಸಿಕೊಟ್ಟ. ಎಸ್.ಪಿ. ರಸ್ತೆಯ ಆಸುಪಾಸಿನ ದುರಸ್ತಿಗಾರರೊಬ್ಬರು "ಬಿಚ್ಚಿ ಒರೆಸಿಕೊಡುತ್ತೇವೆ, ಆರು ಸಾವಿರ" ಎಂದರು. ಈಗ ಅವನ ಮುಂದೆ ಮೂರು ದಾರಿಗಳಿದ್ದವು: ಲೆನ್ಸ್ ವಾಪಸು ಕೊಡುವುದು, ಆರು ಸಾವಿರ ಮುರಿದುಕೊಂಡು ಬಾಕಿ ಕೊಡುವುದು, ಇಲ್ಲವೇ ಸುಮ್ಮನಿರುವುದು. ಮೊದಲನೆಯದಕ್ಕೆ ಅವನಮ್ಮ ಒಪ್ಪಿರಲಿಲ್ಲ. "ನನ್ನ ಮದುವೆಗೆ ಬಂದು ಊಟ ಮಾಡಿ ಹರಸಿ ಹೋದವರು, ಅವರ ಹತ್ತಿರ ಹೋಗಿ ಜಗಳ ಆಡುತ್ತೀಯಾ" ಎಂದಿದ್ದಳಂತೆ.

ಅವನ ಬಳಿ ಸಾಕ್ಷ್ಯವಾಗಿ ಎರಡು ಚಿತ್ರಗಳಿದ್ದವು. ಒಂದು, ಪರಿಷೆಯ ರಾತ್ರಿ ಬುಲ್ ಟೆಂಪಲ್ ರಸ್ತೆಯಲ್ಲಿ ತೆಗೆದದ್ದು. ಮುಂದೆ ಕಡಲೆಕಾಯಿ ಗುಡ್ಡೆಯ ಹಿಂದೆ ಕುಳಿತ ಅಜ್ಜಿ. ಹಿನ್ನೆಲೆಯಲ್ಲಿ ಸಾಲು ದೀಪಗಳು ಫೋಕಸ್ ತಪ್ಪಿ ಬಣ್ಣದ ಬಿಲ್ಲೆಗಳಾಗಿವೆ. ಆ ಬಿಲ್ಲೆಗಳನ್ನು ಹಿಗ್ಗಿಸಿ ನೋಡಿದರೆ ಒಳಗೆ ಕಪ್ಪು ಚುಕ್ಕೆಗಳು, ಹುಳು ಕೊರೆದ ಬಟಾಣಿಯಂತೆ. ಇನ್ನೊಂದು, ಮಾರನೆಯ ಬೆಳಿಗ್ಗೆ ಕಹಳೆ ಬಂಡೆಯ ಕಡೆಯಿಂದ ಎಫ್ 16ರಲ್ಲಿ, ಅಂದರೆ ಬೆಳಕಿನ ಕಿಂಡಿಯನ್ನು ಬಹಳ ಕಿರಿದು ಮಾಡಿ, ತೆಗೆದ ದೃಶ್ಯ. ತಿಳಿನೀಲಿ ಆಕಾಶದಲ್ಲಿ ಆರು ಬೂದು ಕಲೆಗಳು ಎದ್ದು ಕಾಣುತ್ತಿದ್ದವು.

ಎರಡೂ ಈ ಧೂಳಿನದೇ ಕೆಲಸ ಎಂಬುದು ಅವನ ವಾದ. ಮೊದಲನೆಯದು ಹೌದು, ಎರಡನೆಯದು ಅಲ್ಲ ಎಂದು ನನಗೆ ನೋಡಿದ ಕೂಡಲೇ ಅನ್ನಿಸಿತು. ಆದರೆ ಸೋದರಮಾವನ ಅನ್ನಿಸಿಕೆಯನ್ನು ನಂಬಿ 18,000 ರೂಪಾಯಿ ಎಣಿಸಿಕೊಡು ಎಂದು ಯಾರಿಗಾದರೂ ಹೇಳುವುದು ಹೇಗೆ? ಪರೀಕ್ಷೆ ಮಾಡೋಣ ಎಂದೆ.

ಟಾರ್ಚ್ ಏನು ತೋರಿಸುತ್ತದೆ

ಹಳೆಯ ಹೆಂಚಿನ ಮನೆಗಳಲ್ಲಿ ಬೆಳಗಿನ ಹೊತ್ತು ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಆ ಕೋಲಿನೊಳಗೆ ಸಾವಿರಾರು ಕಣಗಳು ಕುಣಿಯುತ್ತಿರುತ್ತವೆ. ಒಂದು ಗೇಣು ಆಚೆ, ನಾವು ಉಸಿರಾಡುವ ಗಾಳಿಯಲ್ಲಿ, ಅಷ್ಟೇ ಕಣಗಳಿದ್ದರೂ ಕಾಣುವುದಿಲ್ಲ. ಕತ್ತಲೆಯ ಹಿನ್ನೆಲೆಯಲ್ಲಿ ಓರೆಯಾಗಿ ಬಿದ್ದ ಬೆಳಕು ಪ್ರತಿ ಕಣದಿಂದಲೂ ಚದುರಿ ಕಣ್ಣಿಗೆ ಬೀಳುತ್ತದೆ. ಲೆನ್ಸಿಗೆ ಟಾರ್ಚ್ ಹಿಡಿದಾಗ ನಡೆಯುವುದೂ ಇದೇ. ಕೂದಲೆಳೆಗಿಂತ ಸಣ್ಣ ಕಣವೂ ನಕ್ಷತ್ರದಂತೆ ಮಿನುಗುತ್ತದೆ. ಕಾರ್ಖಾನೆಯಿಂದ ಆಗ ತಾನೇ ಬಂದ ಹೊಸ ಲೆನ್ಸಿಗೆ ಹೀಗೆ ಬೆಳಕು ಹಾಯಿಸಿದರೂ ಒಂದೆರಡು ಕಣಗಳು ಸಿಗುತ್ತವೆ.

ಜೂಮ್ ಲೆನ್ಸುಗಳಲ್ಲಂತೂ ಧೂಳು ಸೇರುವುದು ಅವುಗಳ ಹುಟ್ಟುಗುಣ. ಕೊಳವೆ ಹೊರಚಾಚಿದಾಗ ಒಳಗಿನ ಜಾಗ ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ. ಒಳಸೇರಿದಾಗ ಗಾಳಿ ಹೊರಗೆ ಹೋಗುತ್ತದೆ, ಜೊತೆಗೆ ಬಂದ ಧೂಳು ಉಳಿಯುತ್ತದೆ. ತಿದಿ ಒತ್ತಿದಂತೆ. ಇನ್ನು ಬೆಂಗಳೂರಿನ ಗಾಳಿಯ ಬಗ್ಗೆ ನಾನು ಹೇಳಬೇಕೇ? ಒಂದು ಕಡೆ ಮೆಟ್ರೋ ಕಂಬ, ಇನ್ನೊಂದು ಕಡೆ ವೈಟ್ ಟಾಪಿಂಗ್‌ಗೆ ಅಗೆದ ರಸ್ತೆ. ಬೆಳಿಗ್ಗೆ ಒರೆಸಿದ ಸ್ಕೂಟರ್ ಸೀಟಿನ ಮೇಲೆ ಸಂಜೆ ಹೆಸರು ಬರೆಯಬಹುದು.

ಈಗ ಲೆಕ್ಕ. 70 ಮಿ.ಮೀ.ನಲ್ಲಿ ಎಫ್ 2.8 ಎಂದರೆ ಬೆಳಕು ಒಳಬರುವ ಕಿಂಡಿಯ ಅಡ್ಡಳತೆ 70 ಭಾಗಿಸು 2.8, ಅಂದರೆ 25 ಮಿ.ಮೀ. ಅದರ ವಿಸ್ತೀರ್ಣ ಸುಮಾರು 490 ಚದರ ಮಿ.ಮೀ. ಅವನು ಎಣಿಸಿದ ಕಣಗಳಲ್ಲಿ ದೊಡ್ಡದಕ್ಕೆ 0.2 ಮಿ.ಮೀ. ಅಡ್ಡಳತೆ ಇರಬಹುದೆಂದು ಉದಾರವಾಗಿ ಇಟ್ಟುಕೊಳ್ಳೋಣ. ಇಪ್ಪತ್ತೊಂದೂ ಅಷ್ಟೇ ದೊಡ್ಡವು ಎಂದೇ ಹಿಡಿದರೂ ಅವೆಲ್ಲ ಸೇರಿ ತಡೆಯುವುದು ಎಂಟುನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಬೆಳಕನ್ನು. ಕ್ಯಾಮೆರಾದ ಗಾಲಿಯನ್ನು ಒಂದು ಹಲ್ಲು ತಿರುಗಿಸಿದರೆ, ಅಂದರೆ ಮೂರನೇ ಒಂದು ಸ್ಟಾಪ್ ಇಳಿಸಿದರೆ, ಐದರಲ್ಲಿ ಒಂದು ಪಾಲು ಬೆಳಕು ಕಡಿಮೆಯಾಗುತ್ತದೆ. ಎಂಟುನೂರರಲ್ಲಿ ಒಂದನ್ನು ಯಾವ ಕಣ್ಣೂ ಹಿಡಿಯಲಾರದು.

ಹುಡುಗ ಇದಕ್ಕೆ ಸೊಪ್ಪು ಹಾಕಲಿಲ್ಲ. "ಬೆಳಕು ಕಡಿಮೆಯಾಗುವುದು ಸರಿ ಮಾಮ, ಆದರೆ ಕಣದ ಆಕಾರ ಚಿತ್ರದಲ್ಲಿ ಮೂಡಬೇಕಲ್ಲ?" ಎಂದ. ಒಳ್ಳೆಯ ಪ್ರಶ್ನೆ. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸಿದೆ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಅವನ ಯು.ವಿ. ಫಿಲ್ಟರ್ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು, ಸುಮಾರು 2 ಮಿ.ಮೀ. ಅಗಲದ, ಕಪ್ಪು ಟೇಪಿನ ಚೂರು ಅಂಟಿಸಿದೆ. ಒಳಗಿದ್ದ ಯಾವ ಕಣಕ್ಕಿಂತಲೂ ಹತ್ತು ಪಟ್ಟು ಅಗಲ. 70 ಮಿ.ಮೀ., ಎಫ್ 2.8ರಲ್ಲಿ ಎದುರುಮನೆಯ ಗೇಟಿನ ಚಿತ್ರ ತೆಗೆದ. ಟೇಪಿನ ಸುಳಿವೇ ಇಲ್ಲ. ಇನ್ನೊಮ್ಮೆ ತೆಗೆದ. ಇಲ್ಲ. ಆಗ ಮುಖ ಸ್ವಲ್ಪ ಸಡಿಲವಾಯಿತು.

ಕಾರಣ ಸರಳ. ಚಿತ್ರದ ಒಂದೊಂದು ಬಿಂದುವಿಗೂ ಬೆಳಕು ಬರುವುದು ಮುಂಗಾಜಿನ ಒಂದು ತೂತಿನಿಂದಲ್ಲ, ಇಡೀ 25 ಮಿ.ಮೀ. ಹರವಿನಿಂದ. ಟೇಪು ಆ ಹರವಿನಲ್ಲಿ ಒಂದಿಷ್ಟನ್ನು ಮುಚ್ಚಿದರೂ ಸುತ್ತಲಿನಿಂದ ಬಂದ ಬೆಳಕು ಅದೇ ಬಿಂದುವಿಗೆ ಹೋಗಿ ಸೇರುತ್ತದೆ. ಕಿಟಕಿಯ ಸರಳಿಗೆ ಕಣ್ಣು ಒತ್ತಿ ಬೀದಿ ನೋಡುವವನಿಗೆ ಸರಳು ಕಾಣುವುದಿಲ್ಲವಲ್ಲ, ಹಾಗೆ.

ಆಮೇಲೆ ಅದೇ ಟೇಪು, ಅದೇ ಫಿಲ್ಟರ್, ಆದರೆ 24 ಮಿ.ಮೀ., ಎಫ್ 22. ಗೇಟಿನ ಮೇಲೆ ದೊಡ್ಡದೊಂದು ಮಬ್ಬು ಕಲೆ! ಹುಡುಗ ನನ್ನತ್ತ ನೋಡಿದ, ಗೆದ್ದೆ ಎನ್ನುವಂತೆ. 24 ಭಾಗಿಸು 22, ಕಿಂಡಿಯ ಅಗಲ ಈಗ ಬರೀ 1.1 ಮಿ.ಮೀ. ಸಾಸಿವೆಯಷ್ಟು ಟೇಪು ಅದನ್ನು ಪೂರ್ತಿ ಮುಚ್ಚಬಲ್ಲದು. ಲೆನ್ಸ್ ಧೂಳು ಚಿತ್ರಕ್ಕೆ ಏನೂ ಮಾಡುವುದಿಲ್ಲ ಎಂದು ಕಣ್ಣುಮುಚ್ಚಿ ಹೇಳುವವರು ಈ ಮೂಲೆಯನ್ನು ಮರೆಯುತ್ತಾರೆ. ಅಗಲ ನೋಟದ ಲೆನ್ಸ್, ತೀರಾ ಕಿರಿದಾದ ಅಪರ್ಚರ್ (ಬೆಳಕಿನ ಕಿಂಡಿ), ಮುಂಗಾಜಿನ ಮೇಲೆ ದೊಡ್ಡ ಕಣ: ಮೂರೂ ಕೂಡಿದರೆ ಮಬ್ಬು ನೆರಳು ಬರುತ್ತದೆ. ಟೇಪು ಕಿತ್ತು, ಬರೀ ಒಳಗಿನ ಕಣಗಳನ್ನಿಟ್ಟುಕೊಂಡು ಅದೇ 24 ಮತ್ತು 22ರಲ್ಲಿ ಬಿಳಿ ಗೋಡೆಗೆ ಹಿಡಿದೆವು. ಅಂಥ ದೊಡ್ಡ ಮಬ್ಬು ಯಾವುದೂ ಇರಲಿಲ್ಲ. ಇದ್ದದ್ದು ಸಣ್ಣ ಬೂದು ಕಲೆಗಳು, ಆರು. ಕಹಳೆ ಬಂಡೆಯ ಆಕಾಶದಲ್ಲಿದ್ದ ಅದೇ ಆರು, ಅದೇ ಜಾಗಗಳಲ್ಲಿ.

ಆರು ಕಲೆಗಳು

ಲೆನ್ಸ್ ಕಳಚಿ ಅವನದೇ ಹಳೆಯ 50 ಮಿ.ಮೀ. ಹಾಕಿದೆವು. ಗೋಡೆ, ಎಫ್ 22, ಫೋಕಸ್ ಬೇಕೆಂದೇ ತಪ್ಪಿಸಿ. ಆರೂ ಕಲೆಗಳು ಇದ್ದಲ್ಲೇ ಇದ್ದವು. ಲೆನ್ಸ್ ಬದಲಾದರೂ ಕಲೆ ಕದಲಲಿಲ್ಲ ಎಂದಮೇಲೆ ವಿಚಾರಣೆ ಮುಗಿದಂತೆ. ಧೂಳು ಕುಳಿತಿದ್ದದ್ದು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ, ಅಂದರೆ ಸೆನ್ಸರ್ ಮೇಲೆ.

ನಿಖರವಾಗಿ ಹೇಳುವುದಾದರೆ ಸೆನ್ಸರಿನ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಗಾಜಿನ ಹೊರಮೈಗೂ ಬೆಳಕು ಹಿಡಿಯುವ ಪದರಕ್ಕೂ ನಡುವೆ 1 ಮಿ.ಮೀ. ಅಂತರ ಎಂದುಕೊಳ್ಳಿ. ಎಫ್ 2.8ರಲ್ಲಿ ಬೆಳಕಿನ ಶಂಕು ಆ ಮಟ್ಟದಲ್ಲಿ 0.36 ಮಿ.ಮೀ. ಅಗಲವಿರುತ್ತದೆ, 0.05 ಮಿ.ಮೀ. ಕಣವೊಂದು ಅದರಲ್ಲಿ ನೂರಕ್ಕೆ ಎರಡು ಪಾಲು ಮರೆಮಾಡುತ್ತದೆ, ಅಷ್ಟೇ. ಎಫ್ 22ರಲ್ಲಿ ಶಂಕು 0.045 ಮಿ.ಮೀ.ಗೆ ಕಿರಿದಾಗುತ್ತದೆ. ಅದೇ ಕಣ ಈಗ ಶಂಕುವಿಗಿಂತಲೂ ಅಗಲ. ನೆರಳು ಗಟ್ಟಿಯಾಗಿ ಬೀಳುತ್ತದೆ. ಪರಿಷೆಯ ರಾತ್ರಿ ಅಪರ್ಚರ್ ಪೂರ್ತಿ ತೆರೆದು ತೆಗೆದ ಚಿತ್ರಗಳಲ್ಲಿ ಈ ಆರು ಕಲೆಗಳು ಇಲ್ಲದಿರುವುದಕ್ಕೂ, ಬೆಳಿಗ್ಗೆ ಎಫ್ 16ರಲ್ಲಿ ಅವು ಹಾಜರಾದದ್ದಕ್ಕೂ ಇದೇ ಕಾರಣ.

ಹಾಗಾದರೆ ಲೆನ್ಸಿನ ಹಿಂಗಾಜಿನ ಮೇಲಿನ ಕಣ? ಅದೂ ಸೆನ್ಸರಿನ ಕಡೆಗೇ ಇರುವುದಲ್ಲವೇ ಎಂದು ಹುಡುಗ ಕೇಳಿದ. ಅವನದು ಕನ್ನಡಿಯಿರುವ ಡಿ.ಎಸ್.ಎಲ್.ಆರ್. ಕ್ಯಾಮೆರಾ, ಹಿಂಗಾಜಿಗೂ ಸೆನ್ಸರಿಗೂ ಸುಮಾರು 40 ಮಿ.ಮೀ. ದೂರ. ಎಫ್ 16ರಲ್ಲಿ ಅಲ್ಲಿನ ಕಣದ ನೆರಳು ಎರಡೂವರೆ ಮಿಲಿಮೀಟರ್ ಹರಡಿ, ನೂರಕ್ಕೆ ಒಂದು ಪಾಲಿಗಿಂತ ತೆಳುವಾಗಿಬಿಡುತ್ತದೆ. ಕನ್ನಡಿಯಿಲ್ಲದ ಈಗಿನ ಕ್ಯಾಮೆರಾಗಳಲ್ಲಿ ಹಿಂಗಾಜು ಇನ್ನೂ ಹತ್ತಿರಕ್ಕೆ ಬರಬಹುದು, ಅಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಅದೃಷ್ಟಕ್ಕೆ ಹಿಂಗಾಜಿನ ಹೊರಮೈ ನಾವೇ ಒರೆಸಬಹುದಾದ ಜಾಗ.

ಸೆನ್ಸರ್ ಶುಚಿ ಮಾಡುವುದು ಹತ್ತು ನಿಮಿಷದ ಕೆಲಸವಾಯಿತು. ಬ್ಯಾಟರಿ ಪೂರ್ತಿ ತುಂಬಿಸಿ, ಕ್ಯಾಮೆರಾದ ಮೆನುವಿನಲ್ಲಿ ಶುಚಿಗೊಳಿಸುವ ಆಯ್ಕೆಯಿಂದ ಕನ್ನಡಿ ಎತ್ತಿಸಿ, ಕ್ಯಾಮೆರಾದ ಬಾಯಿಯನ್ನು ನೆಲಕ್ಕೆ ಮಾಡಿ, ರಬ್ಬರ್ ಬ್ಲೋವರಿನಿಂದ ಊದಿದೆ. ಬಾಯಿಂದ ಊದಬಾರದು, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು. ಕಂಪ್ಯೂಟರ್ ಶುಚಿ ಮಾಡುವ ಡಬ್ಬಿಗಾಳಿಯೂ ಬೇಡ, ಅದರೊಳಗಿನ ದ್ರವ ಹಾರಿ ಗಾಜಿಗೆ ಅಂಟುತ್ತದೆ. ಆರರಲ್ಲಿ ಐದು ಹೋದವು. ಹಟಮಾರಿ ಒಂದು ಉಳಿಯಿತು, ಚಿತ್ರದ ಎಡ ಮೇಲ್ಮೂಲೆಯಲ್ಲಿ. ಸೆನ್ಸರ್ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ, ಎದುರಿಗೆ ಕುಳಿತು ನೋಡುವವನಿಗೆ ಆ ಕಣ ಎಡ ಕೆಳಮೂಲೆಯಲ್ಲಿರುತ್ತದೆ. ಇದನ್ನು ತಿಳಿಯದೆ ಮೇಲ್ಮೂಲೆಯನ್ನು ಉಜ್ಜಿ ಉಜ್ಜಿ ಬೇಸತ್ತವರನ್ನು ಕಂಡಿದ್ದೇನೆ. ಇದಕ್ಕೆಂದೇ ಸಿಗುವ ಒದ್ದೆ ಸ್ವಾಬ್ ತಂದು ಒಂದೇ ಸಲ ಎಳೆದೆವು, ಹೋಯಿತು.

ಬಿಲ್ಲೆಗಳ ಸಾಕ್ಷ್ಯ

ಉಳಿದದ್ದು ಪರಿಷೆಯ ಅಜ್ಜಿಯ ಹಿಂದಿನ ದೀಪಗಳು. ಇಲ್ಲಿ ಹುಡುಗನ ಮಾತೇ ಸರಿ. ಫೋಕಸ್ ತಪ್ಪಿದ ದೀಪದ ಬಿಲ್ಲೆ ಎಂದರೆ ಲೆನ್ಸಿನ ಕಿಂಡಿಯದೇ ಪಡಿಯಚ್ಚು. ಆ ದೀಪದ ಬೆಳಕು ಒಂದು ಬಿಂದುವಿಗೆ ಸೇರದೆ ಹರಡಿಕೊಂಡಿರುವುದರಿಂದ ದಾರಿಯಲ್ಲಿ ಎಲ್ಲಿ ಕಣವಿತ್ತೋ ಅಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಲೆನ್ಸ್ ಧೂಳು ತನ್ನ ಆಕಾರವನ್ನೇ ತೋರಿಸಿಕೊಳ್ಳುವ ಜಾಗ ಇದೊಂದೇ ಎನ್ನಬಹುದು.

ನನಗೆ ಈ ಚಿತ್ರ ದೂರಿಗಿಂತ ಹೆಚ್ಚಾಗಿ ಒಂದು ನಕ್ಷೆಯಂತೆ ಕಂಡಿತು. ಚೌಕಟ್ಟಿನ ನಡುವಿನ ಬಿಲ್ಲೆಯಲ್ಲೂ ಅಂಚಿನ ಬಿಲ್ಲೆಯಲ್ಲೂ ಒಂದು ಚುಕ್ಕೆ ಅದೇ ಸ್ಥಾನದಲ್ಲಿದ್ದರೆ ಆ ಕಣ ಅಪರ್ಚರಿನ ಅಲಗುಗಳ ಆಸುಪಾಸಿನಲ್ಲಿದೆ. ಬಿಲ್ಲೆಯಿಂದ ಬಿಲ್ಲೆಗೆ ಜಾರುತ್ತಾ ಹೋದರೆ ಅದು ಅಪರ್ಚರಿನಿಂದ ದೂರ, ಮುಂಗಾಜಿನ ಗುಂಪಿನಲ್ಲೋ ಹಿಂಗಾಜಿನ ಗುಂಪಿನಲ್ಲೋ ಇದೆ. ಜಾರುವ ದಿಕ್ಕು ಮುಂದಿನದಕ್ಕೂ ಹಿಂದಿನದಕ್ಕೂ ತಿರುಗುಮುರುಗು. ಒಂದು ಇಡೀ ಸಂಜೆ ಇದರಲ್ಲೇ ಕಳೆಯಿತು. ಹೆಂಡತಿ ಎರಡು ಸಲ ಬಂದು ಇಣುಕಿ, ಏನೂ ಹೇಳದೆ ಹೋದಳು. ಹದಿನಾಲ್ಕು ಕಣಗಳು ಮುಂದಿನ ಗುಂಪಿನವು, ಐದು ಅಪರ್ಚರ್ ಬಳಿಯವು, ಎರಡು ಹಿಂದಿನವು ಎಂದು ಗುರುತು ಹಾಕಿಕೊಂಡೆ. ಇದರಿಂದ ಪ್ರಯೋಜನವೇನು ಎಂದು ಕೇಳಿದರೆ, ಆ ಹೊತ್ತಿಗೆ ಏನೂ ಇರಲಿಲ್ಲ. ಕುತೂಹಲ ಅಷ್ಟೇ.

ಅಂದಹಾಗೆ ಬಿಲ್ಲೆಗಳಲ್ಲಿ ಈರುಳ್ಳಿ ಹೋಳಿನಂಥ ಸುತ್ತುಗಳು ಕಂಡರೆ ಅದನ್ನು ಧೂಳಿನ ಲೆಕ್ಕಕ್ಕೆ ಹಾಕಬಾರದು. ಅದು ಗೋಳಾಕಾರದಿಂದ ತುಸು ಬೇರೆಯಾಗಿ ರೂಪಿಸಿದ ಗಾಜಿನ ಮೇಲೆ ಅಚ್ಚಿನಿಂದ ಉಳಿಯುವ ಸೂಕ್ಷ್ಮ ಗೆರೆಗಳ ಫಲ.

ಎದುರುಬೆಳಕಿನ ಪರೀಕ್ಷೆಯೂ ಮಾಡಿದೆವು, ಬೀದಿದೀಪವನ್ನು ಚೌಕಟ್ಟಿನ ಅಂಚಿಗಿಟ್ಟು. ನೆರಳುಗಳ ಮೇಲೆ ಹಾಲು ಚೆಲ್ಲಿದಂಥ ತೆಳು ಪೊರೆ ಬಂತು. "ಇದೋ, ಧೂಳು" ಎಂದ ಹುಡುಗ. ಮುಂಗಾಜಿನ ಮೇಲೆ ಯಾರದೋ ಹೆಬ್ಬೆಟ್ಟಿನ ಜಿಡ್ಡು ಇತ್ತು. ಒರೆಸಿ, ಅಡ್ಡಬೆಳಕು ತಡೆಯುವ ಹುಡ್ ಹಾಕಿ ಮತ್ತೆ ತೆಗೆದಾಗ ಪೊರೆ ಮುಕ್ಕಾಲು ಪಾಲು ಹೋಯಿತು. ಉಳಿದದ್ದರಲ್ಲಿ ಧೂಳಿನ ಪಾಲೆಷ್ಟು, ಗಾಜುಗಳ ನಡುವಿನ ಪ್ರತಿಫಲನದ ಪಾಲೆಷ್ಟು ಎಂದು ಬೇರ್ಪಡಿಸುವ ಗೋಜಿಗೆ ನಾನು ಹೋಗಲಿಲ್ಲ.

ಟಾರ್ಚ್ ಕೈಯಲ್ಲಿರುವಾಗಲೇ ಬೂಷ್ಟು ಹಿಡಿದಿದೆಯೇ ಎಂದೂ ನೋಡಿದೆ. ಹಳೆಯ ಲೆನ್ಸ್ ಕೊಳ್ಳುವವರು ನಿಜಕ್ಕೂ ಹುಡುಕಬೇಕಾದದ್ದು ಇದನ್ನು. ಧೂಳು ಚುಕ್ಕೆಚುಕ್ಕೆಯಾಗಿರುತ್ತದೆ; ಬೂಷ್ಟು ಅಂಚಿನಿಂದ ಬೇರುಗಳಂತೆ, ಜೇಡನ ಬಲೆಯಂತೆ ಕವಲೊಡೆಯುತ್ತದೆ. ಧೂಳು ಗಾಜಿನ ಮೇಲೆ ಕುಳಿತಿರುತ್ತದೆ, ಶಿಲೀಂಧ್ರ ಸ್ರವಿಸುವ ಆಮ್ಲ ಗಾಜಿನ ಲೇಪನವನ್ನೇ ತಿನ್ನುತ್ತದೆ. ಗಾಳಿಯ ತೇವಾಂಶ ಬಹುಕಾಲ ಶೇಕಡ 60 ದಾಟಿ ನಿಂತರೆ ಅದಕ್ಕೆ ಹಬ್ಬ, ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂಥ ದಿನಗಳಿಗೆ ಬರವಿಲ್ಲ. ಈ ಲೆನ್ಸ್ ಶುದ್ಧವಾಗಿತ್ತು. ಯಜಮಾನರು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದರು, ಚರ್ಮದ ಚೀಲದಲ್ಲಿ ಅಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುವವರೂ ಇದ್ದಾರೆ. ಅಕ್ಕಿಯ ಹಿಟ್ಟು ತಾನೇ ಒಂದು ಧೂಳು ಎಂಬುದನ್ನು ಅವರಿಗೆ ಹೇಳುವವರಿಲ್ಲ.

ಬಲಗಡೆಯ ಇಟ್ಟಿಗೆಗಳು

ಇಲ್ಲಿಗೆ ಮುಗಿಯಬೇಕಿತ್ತು. ಲೆನ್ಸ್ ಇಟ್ಟುಕೋ, ಬಾಕಿ ಕೊಡು ಎಂದು ಹೇಳಲು ಬಾಯಿ ತೆರೆದಿದ್ದೆ. ಆದರೆ ಕಾರ್ಖಾನೆಯ ಅಭ್ಯಾಸ ಬಿಡುವುದಿಲ್ಲ: ಉಪಕರಣ ಹೊರಗೆ ಕಳುಹಿಸುವ ಮುನ್ನ ಕೊನೆಯದಾಗಿ ನಾಲ್ಕೂ ಮೂಲೆಗಳನ್ನು ನೋಡಬೇಕು. ನಮ್ಮ ತಾರಸಿಯ ಎದುರಿಗೆ ಕಟ್ಟುತ್ತಿರುವ ಮನೆಯೊಂದಿದೆ, ಪಕ್ಕದ ಗೋಡೆಗೆ ಇನ್ನೂ ಗಾರೆ ಆಗಿಲ್ಲ. ಬರೀ ಇಟ್ಟಿಗೆ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಫಲಕ ದುಡ್ಡು ಕೊಟ್ಟರೂ ಸಿಗದು. 70 ಮಿ.ಮೀ., ಎಫ್ 2.8, ಸ್ಟ್ಯಾಂಡ್ ಮೇಲೆ.

ಎಡಗಡೆಯ ಇಟ್ಟಿಗೆಗಳು ಚೂಪಾಗಿದ್ದವು. ನಡುವಿನವೂ ಹಾಗೆಯೇ. ಬಲಗಡೆಯ ಕೊನೆಯ ಮೂರನೇ ಒಂದು ಭಾಗದಲ್ಲಿ ಇಟ್ಟಿಗೆಗಳ ನಡುವಿನ ಸಿಮೆಂಟ್ ಗೆರೆಗಳು ಜೋಡಿಯಾಗಿ, ಮೇಣ ಸವರಿದಂತೆ ಕಾಣುತ್ತಿದ್ದವು.

ಗೋಡೆ ಕ್ಯಾಮೆರಾಗೆ ಓರೆಯಾಗಿದ್ದರೂ ಹೀಗಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು ತಲೆಕೆಳಗು ಮಾಡಿ ತೆಗೆದೆ. ದೋಷ ಗೋಡೆಯದಾಗಿದ್ದರೆ ಅದೇ ಇಟ್ಟಿಗೆಗಳು ಮತ್ತೆ ಮಸುಕಾಗಬೇಕು. ಹಾಗಾಗಲಿಲ್ಲ; ಈ ಸಲ ಗೋಡೆಯ ಇನ್ನೊಂದು ತುದಿಯ ಇಟ್ಟಿಗೆಗಳು ಮಸುಕಾದವು. 50 ಮಿ.ಮೀ. ಹಾಕಿದಾಗ ಎರಡೂ ಬದಿ ಸಮ. ಹಾಗಾಗಿ ಕ್ಯಾಮೆರಾದ ತಪ್ಪೂ ಅಲ್ಲ. ಲೆನ್ಸಿನೊಳಗೆ ಯಾವುದೋ ಒಂದು ಗಾಜು ಓರೆಯಾಗಿ ಕುಳಿತಿದೆ, ಇಲ್ಲವೇ ನಡುಗೆರೆಯಿಂದ ಸರಿದಿದೆ. ಎಫ್ 8ಕ್ಕೆ ಇಳಿಸಿದಾಗ ಬಹುತೇಕ ಮರೆಯಾಯಿತು.

ಲೆನ್ಸನ್ನು ಮತ್ತೆ ಮೇಜಿಗೆ ತಂದು ಭೂತಗನ್ನಡಿ ಹಿಡಿದೆ, ಈ ಸಲ ಗಾಜಿಗಲ್ಲ, ಲೋಹಕ್ಕೆ. ಮೌಂಟಿನ, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಲೋಹದ ಬಳೆಯ, ತಿರುಪುಗಳಲ್ಲಿ ಎರಡರ ತಲೆ ಸವೆದಿತ್ತು. ಮುಂದಿನ ಹೆಸರಿನ ಉಂಗುರದ ಅಂಚಿನಲ್ಲಿ ಎದುರುಬದುರಾಗಿ ಎರಡು ಗೀರುಗಳಿದ್ದವು. ಜಪಾನಿನ ಲೆನ್ಸುಗಳ ತಿರುಪುಗಳ ತಲೆಯ ತೋಡು ನಾವು ಬಳಸುವ ಸಾಮಾನ್ಯ ಪ್ಲಸ್ ಆಕಾರದ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ, ಜಪಾನಿನ ಜೆ.ಐ.ಎಸ್. ಮಾನಕದ ಅಳತೆಯದು ಬೇಕು. ಸಿಕ್ಕಿದ್ದರಲ್ಲಿ ತಿರುಗಿಸಿದರೆ ಹೀಗೆಯೇ ತಲೆ ಕಿತ್ತುಹೋಗುತ್ತದೆ. ಈ ಲೆನ್ಸನ್ನು ಯಾರೋ ಒಮ್ಮೆ ಬಿಚ್ಚಿದ್ದರು.

ಜೂಮ್ ಲೆನ್ಸಿನೊಳಗೆ ಹತ್ತಾರು ಗಾಜುಗಳು ಒಂದೇ ಗೆರೆಯಲ್ಲಿ ನಿಲ್ಲಬೇಕು. ಮಿಲಿಮೀಟರಿನ ನೂರನೇ ಕೆಲವು ಪಾಲಿನಷ್ಟು ಸರಿದರೂ ಚಿತ್ರದಲ್ಲಿ ಗೊತ್ತಾಗುತ್ತದೆ. ಕೆಲವು ಲೆನ್ಸುಗಳ ಮುಂಗಾಜಿನ ಗುಂಪನ್ನು ಕಾರ್ಖಾನೆಯಲ್ಲಿ ಯಂತ್ರದ ಎದುರು ಕೂರಿಸಿ, ಗೆರೆಗೆ ತಂದು, ಅಲ್ಲೇ ಬಿಗಿ ಮಾಡಿರುತ್ತಾರೆ. ಮೌಂಟಿನ ಕೆಳಗೆ ಕಾಗದದಷ್ಟು ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಒಂದು ಅದಲುಬದಲಾದರೂ ಸಾಕು. ಧೂಳು ಒರೆಸಲು ಬಿಚ್ಚಿದವನು ಒರೆಸುವುದನ್ನು ಚೆನ್ನಾಗಿಯೇ ಮಾಡಿರಬಹುದು. ಮರಳಿ ಕೂರಿಸುವುದು ಬೇರೆಯೇ ವಿದ್ಯೆ. ನಾನೇನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನದೇ 50 ಮಿ.ಮೀ. ಲೆನ್ಸನ್ನು ಊಟದ ಮೇಜಿನ ಮೇಲೆ ಬಿಚ್ಚಿದ್ದೆ. ಮೂರು ಕಣ ತೆಗೆದೆ, ಮುಚ್ಚಿದ ಮೇಲೆ ಟಾರ್ಚ್ ಹಾಕಿದರೆ ಐದು ಇದ್ದವು, ಜೊತೆಗೆ ಬೆಕ್ಕಿನ ಕೂದಲೊಂದು.

ಚಾಮರಾಜಪೇಟೆ

ಭಾನುವಾರ ಬೆಳಿಗ್ಗೆ ಇಬ್ಬರೂ ಯಜಮಾನರ ಮನೆಗೆ ಹೋದೆವು. ಸ್ಟುಡಿಯೋ ಸಾಮಾನುಗಳು ನಡುಮನೆಯ ತುಂಬ ಹರಡಿದ್ದವು: ಬಣ್ಣ ಬಳಿದ ಪರದೆ, ಛತ್ರಿ ದೀಪಗಳು, ನೆಗೆಟಿವ್ ತಿದ್ದುವ ಇಳಿಜಾರು ಮೇಜು, ಅದರ ತೋಡಿನಲ್ಲಿ ಇನ್ನೂ ಎರಡು ಚೂಪು ಪೆನ್ಸಿಲುಗಳು. ಕಾಫಿ ಬಂತು. ಹುಡುಗ ಮೊದಲು ಆಕಾಶದ ಆರು ಕಲೆಗಳ ಕಥೆ ಹೇಳಿದ. ಅವರು ಗಮನವಿಟ್ಟು ಕೇಳಿದರು.

"ರೀಲಿನ ಕಾಲದಲ್ಲಿ ನಮಗೆ ಈ ಕಾಟ ಇರಲಿಲ್ಲ ನೋಡಿ. ಕಲೆ ಬಿದ್ದರೆ ಒಂದು ಚಿತ್ರಕ್ಕೆ ಬೀಳುತ್ತಿತ್ತು. ರೀಲು ಮುಂದಕ್ಕೆ ಸುತ್ತಿದರೆ ಹೊಸ ಫಿಲ್ಮ್" ಎಂದರು. ನಾನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಪ್ರತಿ ಚಿತ್ರಕ್ಕೂ ಹೊಸ ಸೆನ್ಸರ್ ಇದ್ದಂತೆ! ಡಿಜಿಟಲ್ ಬಂದ ಮೇಲೆ ಒಂದೇ ಗಾಜು ಸಾವಿರ ಚಿತ್ರಗಳಿಗೆ ದುಡಿಯಬೇಕಾಯಿತು. 2003ರಲ್ಲಿ ಒಲಿಂಪಸ್ ತನ್ನ ಇ-1 ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ಗಾಜನ್ನು ಅತಿವೇಗವಾಗಿ ಅದುರಿಸಿ ಧೂಳು ಕೊಡವುವ ಏರ್ಪಾಟು ತಂದದ್ದು, ಮಿಕ್ಕವರೂ ಅದೇ ಹಾದಿ ಹಿಡಿದದ್ದು ಈ ತಲೆನೋವಿನಿಂದಲೇ.

ಆಮೇಲೆ ನಾನು ಇಟ್ಟಿಗೆ ಗೋಡೆಯ ಚಿತ್ರ ಮುಂದಿಟ್ಟೆ. "ಯಜಮಾನರೇ, ಈ ಲೆನ್ಸನ್ನು ಯಾವಾಗಲಾದರೂ ಬಿಚ್ಚಿಸಿದ್ದಿರಾ?"

ಅವರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದರು. ಒಂದು ಮಳೆಗಾಲಕ್ಕೆ ಮುಂಚೆ, ಮದುವೆ ಹಂಗಾಮು ಮುಗಿದಾಗ, ಧೂಳು ತೆಗೆಸಲು ಕೊಟ್ಟಿದ್ದರಂತೆ. ಎಲ್ಲಿಗೆ ಎಂದು ಹೇಳಲು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. "ಗಾಜು ಕನ್ನಡಿಯ ಹಾಗೆ ಹೊಳೆಯುತ್ತಾ ಬಂತು ಸ್ವಾಮಿ. ಆದರೆ ಅಲ್ಲಿಂದಾಚೆಗೆ ಗುಂಪಿನ ಫೋಟೋದಲ್ಲಿ ಬಲಗಡೆ ನಿಂತ ಬೀಗರು ಯಾವಾಗಲೂ ಸ್ವಲ್ಪ ಮಂಕು. ಲೈಟ್ ಹಿಡಿಯುವ ಹುಡುಗನನ್ನು ಬೈದೆ. ಆಮೇಲೆ ಎಲ್ಲವನ್ನೂ ಎಫ್ 8ರಲ್ಲಿ ತೆಗೆಯಲು ಶುರುಮಾಡಿದೆ, ಸರಿಹೋಯಿತು ಅಂದುಕೊಂಡೆ."

ಬೆಲೆಯ ಮಾತು ಚಿಕ್ಕದಾಗಿಯೇ ಮುಗಿಯಿತು. ಧೂಳಿನ ಬಾಬ್ತು ಏನೂ ಮುರಿಯಬೇಕಾಗಿಲ್ಲ ಎಂದು ನಾನೇ ಹೇಳಿದೆ. ಹಾಗೆಂದು ಮಾರುವಾಗ ಧೂಳು ಕಂಡರೆ ಬೆಲೆ ಇಳಿಯುವುದಿಲ್ಲ ಎಂದಲ್ಲ; ಸಂತೆಯಲ್ಲಿ ಟಾರ್ಚಿಗೆ ಬೆಲೆಯಿದೆ, ಈ ಹುಡುಗ ನಾಳೆ ಮಾರಲು ಹೋದರೆ ಅವನಿಗೂ ಅದು ತಟ್ಟುತ್ತದೆ. ಬಲಗಡೆಯ ಮಸುಕಿಗೆ ಎಷ್ಟು ಎಂಬುದೇ ಪ್ರಶ್ನೆ. ಅವರು ತಾವಾಗಿಯೇ ಐದು ಸಾವಿರ ಬಿಟ್ಟರು. ಹುಡುಗ 13,000 ಕೊಟ್ಟ. ಎಂಟು ಸಾವಿರ ಬಿಡಿಸಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ತಂಗಿಯ ಮದುವೆಯ ಆಲ್ಬಂ ಎದುರಿಗೇ ಕಪಾಟಿನಲ್ಲಿತ್ತು. ಮಾದರಿಗೆಂದು ಒಂದು ಪ್ರತಿ ಇಟ್ಟುಕೊಂಡಿದ್ದರಂತೆ.

ಎಸ್.ಪಿ. ರಸ್ತೆಗೆ ಲೆನ್ಸ್ ಹೋಗಲಿಲ್ಲ. ಗೆರೆಗೆ ತರಿಸಬೇಕೆಂದರೆ ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲೇ ಆಗಬೇಕು, ಅಲ್ಲಿ ಹಳೆಯ ಮಾದರಿಗೆ ಬಿಡಿಭಾಗ ಸಿಕ್ಕಿದರೆ. ಹುಡುಗ ಅದನ್ನು ಮುಂದೂಡಿದ್ದಾನೆ. ಒಬ್ಬರ ಮುಖ ತೆಗೆಯುವಾಗ ಎಫ್ 2.8, ಮುಖ ನಡುವಿನಲ್ಲಿ ಅಥವಾ ಎಡಕ್ಕೆ. ಗುಂಪು ಬಂದರೆ ಎಫ್ 8. ಹಿನ್ನೆಲೆಯಲ್ಲಿ ಸಾಲು ದೀಪಗಳಿದ್ದರೆ ಎಫ್ 4ಕ್ಕೆ ಇಳಿಸುತ್ತಾನೆ, ಆಗ ಕಿಂಡಿಯ ಹೊರವಲಯದ ಕಣಗಳು ಬಿಲ್ಲೆಯಿಂದ ಹೊರಗುಳಿಯುತ್ತವೆ. ನಾನು ಆ ಸಂಜೆ ಸುಮ್ಮನೆ ಬರೆದ ನಕ್ಷೆ ಅಷ್ಟಕ್ಕೆ ಉಪಯೋಗಕ್ಕೆ ಬಂತು.

ಯುಗಾದಿಗೆ ಮನೆಗೆ ಬಂದವನು ಮತ್ತೆ ಟಾರ್ಚ್ ತೆಗೆದ. ಇಬ್ಬರೂ ಕಿಟಕಿಯ ಪರದೆ ಎಳೆದು ಎಣಿಸಿದೆವು. ಇಪ್ಪತ್ತನಾಲ್ಕರವರೆಗೆ ಬಂದಿದ್ದೆವು, ಅಷ್ಟರಲ್ಲಿ ಒಳಗಿನಿಂದ ಒಬ್ಬಟ್ಟು ಬಡಿಸಿದ್ದೇನೆ ಎಂದು ಕರೆ ಬಂತು.